ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ: ಹೊಸ ಲ್ಯಾಪ್‌ಟಾಪಿನ ವೈಫೈ ಪದೇ ಪದೇ ಕಡಿದುಹೋಗುವಾಗ

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಅಕ್ಕನ ಮಗಳು ಹುಬ್ಬಳ್ಳಿಯಿಂದ ಹೊಸ ಲ್ಯಾಪ್‌ಟಾಪ್ ತಂದ ಮೂರನೆಯ ದಿನವೇ ಫೋನ್ ಮಾಡಿದಳು. ಅಣಕು ಪರೀಕ್ಷೆಯ ನಡುವೆ ವೈಫೈ ಕಡಿದುಹೋಗಿ ನಲವತ್ತು ಪ್ರಶ್ನೆಗಳಿಗೆ ಬರೆದ ಉತ್ತರ ಗಾಳಿಗೆ ಹೋಗಿತ್ತು. ಅಂಗಡಿಯವರನ್ನು ಕೇಳಿದರೆ ರೌಟರ್ ಸರಿಯಿಲ್ಲ ಎಂದರು. ಕೋಣೆಯ ಮಾಲೀಕರಾದ ಕಾಕುವನ್ನು ಕೇಳಿದರೆ, ಉಳಿದ ಹುಡುಗಿಯರಿಗೆಲ್ಲ ಬರುತ್ತಿದೆಯಲ್ಲ, ನಿನ್ನ ಲ್ಯಾಪ್‌ಟಾಪನ್ನೇ ತೋರಿಸು ಎಂದರು. ಇಂಟರ್ನೆಟ್ ಕಂಪನಿಯ ಹುಡುಗ ಬಂದು, ತನ್ನ ಮೊಬೈಲಿನಲ್ಲಿ ವೇಗ ಅಳೆದು, ಲೈನು ಚೆನ್ನಾಗಿದೆ ಎಂದು ಹೇಳಿ ಹೋದ. ಯಾರೂ ಸುಳ್ಳು ಹೇಳಿರಲಿಲ್ಲ. ಅವರವರ ಪಾಲನ್ನಷ್ಟೇ ಅವರು ನೋಡಿದ್ದರು.

"ಮಾಮಾ, ವಾಪಸ್ ಕೊಟ್ಟುಬಿಡಲೇ? ಏಳು ದಿನದೊಳಗೆ ತಂದರೆ ಬದಲಿಸಿಕೊಡುತ್ತೇವೆ ಎಂದಿದ್ದಾರೆ" ಎಂದು ಕೇಳಿದಳು. ಇನ್ನೂ ನಾಲ್ಕು ದಿನ ಕೈಯಲ್ಲಿತ್ತು. ನಾನು ಮೂವತ್ತು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದವನು. ಬಿಟ್ಟು ಬಿಟ್ಟು ಕಾಣಿಸುವ ದೋಷ ಎಂದರೆ ಮೊದಲು ಕೈಗೆ ಪೆನ್ನು, ಆಮೇಲೆ ಸ್ಕ್ರೂಡ್ರೈವರ್ ಎಂಬ ಅಭ್ಯಾಸ ಇನ್ನೂ ಹೋಗಿಲ್ಲ. ಅವಳಿಗೂ ಅದನ್ನೇ ಹೇಳಿದೆ: ಒಂದು ಹಾಳೆ ತೆಗೆದುಕೊ, ಪ್ರತಿ ಸಲ ಕಡಿದಾಗ ಗಂಟೆ ಬರೆ. ಪಕ್ಕದಲ್ಲಿ ನಾಲ್ಕು ಸಂಗತಿ ಬರೆ. ಆಗ ನಿನ್ನ ಮೊಬೈಲಿನಲ್ಲೂ ಹೋಗಿತ್ತೇ? ವೈಫೈ ಚಿಹ್ನೆ ಇದ್ದೂ ಪುಟ ತೆರೆಯಲಿಲ್ಲವೇ ಅಥವಾ ಚಿಹ್ನೆಯೇ ಮಾಯವಾಯಿತೇ? ಚಾರ್ಜರ್ ಹಾಕಿತ್ತೇ? ಲ್ಯಾಪ್‌ಟಾಪಿಗೆ ಏನೇನು ಚುಚ್ಚಿತ್ತು?

ನಾಲ್ಕನೆಯದು ಏಕೆ ಎಂದು ಅವಳು ಕೇಳಿದಳು. ಕೊನೆಗೆ ನಮ್ಮನ್ನು ಉಳಿಸಿದ್ದು ಅದೇ.

ಒಂದು ಮಾತು ಇಲ್ಲೇ ಹೇಳಿ ಮುಂದೆ ಹೋಗುತ್ತೇನೆ. ಮನೆಯ ಎಲ್ಲ ಸಾಧನಗಳಲ್ಲೂ ಒಟ್ಟಿಗೇ ಹೋಗಿ ಎರಡು ಮೂರು ನಿಮಿಷದ ನಂತರ ಒಟ್ಟಿಗೇ ಬಂದರೆ ಅದು ಲ್ಯಾಪ್‌ಟಾಪಿನ ತಪ್ಪಲ್ಲ, ರೌಟರ್ ಮತ್ತೆ ಚಾಲೂ ಆಗುತ್ತಿದೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಕ್ಷಣವನ್ನು ಫ್ಯಾನು, ದೀಪ ತಡೆದುಕೊಳ್ಳುತ್ತವೆ, ಕೆಲವು ರೌಟರ್‌ಗಳು ತಡೆದುಕೊಳ್ಳುವುದಿಲ್ಲ. ರೌಟರಿಗೆಂದೇ ಸಿಗುವ ಸಣ್ಣ ಬ್ಯಾಟರಿ ಪೆಟ್ಟಿಗೆ ಇದಕ್ಕೆ ಮದ್ದು. ಕೊಳ್ಳುವ ಮೊದಲು ರೌಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಎಂದು ಬರೆದಿದೆಯೋ ನೋಡಿಕೊಳ್ಳಿ, ಎಲ್ಲವೂ 12 ವೋಲ್ಟಿನವಲ್ಲ.

ಎರಡು ಕಿಟಕಿ ತೆರೆದಿಡಿ

ಅವಳು ಒಂದು ದಿನ ಹಾಳೆ ತುಂಬಿಸಿದ ಮೇಲೆ, ಮರುದಿನ ಸಂಜೆ ಸಪ್ತಾಪುರಕ್ಕೆ ಹೋದೆ. ವೈಫೈ ಹೋಯಿತು ಎಂಬ ಒಂದೇ ದೂರಿನಲ್ಲಿ ಎರಡು ಬೇರೆ ದಾರಿಗಳು ಸೇರಿಕೊಂಡಿರುತ್ತವೆ. ಒಂದು, ಲ್ಯಾಪ್‌ಟಾಪಿನಿಂದ ರೌಟರಿನವರೆಗಿನ ಗಾಳಿಯ ದಾರಿ. ಇನ್ನೊಂದು, ರೌಟರಿನಿಂದ ಹೊರಗಿನ ತಂತಿಯ ದಾರಿ. ಯಾವುದು ಕಡಿಯುತ್ತಿದೆ ಎಂದು ತಿಳಿಯದೆ ಡ್ರೈವರ್ (ಲ್ಯಾಪ್‌ಟಾಪಿನೊಳಗಿನ ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಅಳಿಸುವುದು, ರೌಟರ್ ಬದಲಿಸುವುದು, ಎಲ್ಲವೂ ಎಮ್ಮೆಗೆ ಬರೆ ಎಳೆಯುವ ಕೆಲಸವೇ.

ಮುಂದಿನ ಆದೇಶಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ವಿಂಡೋಸ್ ಕೀಲಿ ಒತ್ತಿ ಸಿಎಂಡಿ ಎಂದು ಬರೆದರೆ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಐಪಿಕಾನ್‌ಫಿಗ್ ಎಂದು ಕೊಡಿ. ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿರುವುದು ನಿಮ್ಮ ರೌಟರಿನ ವಿಳಾಸ, ಹೆಚ್ಚಾಗಿ 192.168.1.1 ಅಥವಾ 192.168.0.1. ಈಗ ಪಿಂಗ್, ಆ ವಿಳಾಸ, ಕೊನೆಗೆ ಅಡ್ಡಗೆರೆ ಹಾಕಿ ಟಿ ಅಕ್ಷರ. ನೀವು ನಿಲ್ಲಿಸುವವರೆಗೂ ಸೆಕೆಂಡಿಗೊಮ್ಮೆ ರೌಟರಿನ ಬಾಗಿಲು ತಟ್ಟುತ್ತಲೇ ಇರುತ್ತದೆ. ಇನ್ನೊಂದು ಕಿಟಕಿ ತೆರೆದು ಇದೇ ರೀತಿ 8.8.8.8 ವಿಳಾಸವನ್ನು ತಟ್ಟಿ. ಅದು ಗೂಗಲ್‌ನ ಸಾರ್ವಜನಿಕ ಸರ್ವರ್, ನೆನಪಿಟ್ಟುಕೊಳ್ಳಲು ಸುಲಭ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನಿಮ್ಮ ಕೆಲಸ ಮಾಡುತ್ತಿರಿ.

ರೌಟರಿನ ಕಿಟಕಿ ಓಡುತ್ತಲೇ ಇದ್ದು ಹೊರಗಿನದು ಮಾತ್ರ ನಿಂತರೆ ಲ್ಯಾಪ್‌ಟಾಪನ್ನು ಮುಟ್ಟಲೇಬೇಡಿ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ. ಎರಡೂ ಒಟ್ಟಿಗೆ ನಿಂತರೆ ದೋಷ ಗಾಳಿಯ ದಾರಿಯಲ್ಲಿದೆ. ಎರಡೂ ಓಡುತ್ತಿದ್ದು ಪುಟಗಳು ಮಾತ್ರ ತೆರೆಯದಿದ್ದರೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೆಟ್ಟಿದೆ. ಇನ್ನು ಐಪಿಕಾನ್‌ಫಿಗ್ ಕೊಟ್ಟಾಗ ನಿಮ್ಮ ವಿಳಾಸವೇ 169.254 ಎಂದು ಶುರುವಾದರೆ, ರೌಟರ್ ನಿಮಗೆ ವಿಳಾಸ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಬಾಡಿಗೆ ಕೋಣೆಗಳಲ್ಲಿ ಇದು ಅಪರೂಪವಲ್ಲ. ಹತ್ತು ಹನ್ನೆರಡು ಕೋಣೆ, ಒಬ್ಬೊಬ್ಬರಿಗೆ ಎರಡೆರಡು ಸಾಧನ, ಬಂದುಹೋದವರ ಮೊಬೈಲು ಬೇರೆ. ರೌಟರಿನಲ್ಲಿ ಹಂಚಲು ಇಟ್ಟ ವಿಳಾಸಗಳೇ ಮುಗಿದುಹೋಗಿರುತ್ತವೆ. ಕೊನೆಗೆ ಬಂದವರು ಬಾಗಿಲಲ್ಲೇ ನಿಲ್ಲುತ್ತಾರೆ, ಹೊಸ ಲ್ಯಾಪ್‌ಟಾಪ್ ಎಂದರೆ ಕೊನೆಗೆ ಬಂದದ್ದೇ ತಾನೆ! ರೌಟರಿನ ಸೆಟ್ಟಿಂಗ್‌ನಲ್ಲಿ ವಿಳಾಸಗಳ ವ್ಯಾಪ್ತಿ ಹೆಚ್ಚಿಸಿದರೆ ಸಾಕು. ನಮ್ಮ ಹುಡುಗಿಯದು 192.168 ಎಂದೇ ಇತ್ತು, ಆ ಅನುಮಾನ ಕಳೆಯಿತು.

ಪಿಂಗ್ ಹಾಕಿಕೊಂಡು ಕುಳಿತೆವು. ಕಾಕು ಚಹಾ, ಗಿರ್ಮಿಟ್ಟು ತಂದಿಟ್ಟರು. ಐವತ್ತು ನಿಮಿಷ ಒಂದೇ ಒಂದು ಉತ್ತರವೂ ತಪ್ಪಲಿಲ್ಲ. "ನೀನು ಬಂದರೆ ಮಾತ್ರ ಸರಿಯಾಗುತ್ತದೆ ಮಾಮಾ" ಎಂದು ನಕ್ಕಳು. ರಿಪೇರಿ ಮಾಡುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ತಟ್ಟುತ್ತಿದ್ದರೆ ನಿದ್ದೆ ಎಲ್ಲಿ?

ಹಾಳೆ ನೋಡಿದೆ. ಹಿಂದಿನ ದಿನದ ಏಳು ಸಲದಲ್ಲಿ ಐದು ಸಲ ಬ್ಯಾಟರಿಯ ಮೇಲೆ ಓಡುತ್ತಿದ್ದಾಗ ಕಡಿದಿತ್ತು, ಅದೂ ಅವಳು ಹತ್ತು ಹದಿನೈದು ನಿಮಿಷ ಪಿಡಿಎಫ್ ಓದಿ ಮತ್ತೆ ಬ್ರೌಸರಿಗೆ ಬಂದಾಗ. ನಾನೋ ಚಾರ್ಜರ್ ಚುಚ್ಚಿ, ಸೆಕೆಂಡಿಗೊಮ್ಮೆ ಪಿಂಗ್ ಹೊಡೆಯುತ್ತಾ ಕುಳಿತಿದ್ದೆ. ವೈಫೈ ಕಾರ್ಡಿಗೆ ನಿದ್ದೆ ಮಾಡಲು ಬಿಟ್ಟಿದ್ದರಲ್ಲವೇ ಅದರ ನಿದ್ದೆಯ ರೋಗ ಕಾಣುವುದು? ಪರೀಕ್ಷೆಯೇ ದೋಷವನ್ನು ಮುಚ್ಚಿಟ್ಟಿತ್ತು. ಈ ಒಂದು ಸಂಗತಿ ಹೊಳೆಯಲು ನನಗೆ ಒಂದು ಗಂಟೆ ಬೇಕಾಯಿತು. ಓದುವವರಿಗೆ ಅಷ್ಟು ಬೇಡವಾಗಲಿ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬ್ಯಾಟರಿ ಉಳಿಸಲು ವೈಫೈ ಕಾರ್ಡು ಕೆಲಸವಿಲ್ಲದಾಗ ತೂಕಡಿಸುತ್ತದೆ. ತೂಕಡಿಸುವ ಮೊದಲು ರೌಟರಿಗೆ ಹೇಳುತ್ತದೆ: ನನಗೆ ಏನಾದರೂ ಬಂದರೆ ಹಿಡಿದಿಡು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹಾಲಿನ ಪ್ಯಾಕೆಟ್ ತೆಗೆದಿಡಲು ಹೇಳಿದಂತೆ. ರೌಟರ್ ಸೆಕೆಂಡಿಗೆ ಸುಮಾರು ಹತ್ತು ಸಲ ತಾನಿದ್ದೇನೆ ಎಂದು ಸಾರುತ್ತದೆ, ಆ ಸಾರುವಿಕೆಯಲ್ಲೇ ಯಾರ ಪ್ಯಾಕೆಟ್ ಬಂದಿದೆ ಎಂಬ ಪಟ್ಟಿಯೂ ಇರುತ್ತದೆ. ಕಾರ್ಡು ಆಗಾಗ ಕಣ್ಣು ಬಿಟ್ಟು ಪಟ್ಟಿ ನೋಡಬೇಕು. ಡ್ರೈವರ್ ಹಳೆಯದಾಗಿದ್ದರೆ ಅಥವಾ ರೌಟರಿನೊಡನೆ ಹೊಂದಾಣಿಕೆ ತಪ್ಪಿದ್ದರೆ ಈ ಒಪ್ಪಂದ ಮುರಿಯುತ್ತದೆ. ಕಾರ್ಡು ಎದ್ದೇಳುವಷ್ಟರಲ್ಲಿ ರೌಟರ್ ಅದರ ಹೆಸರನ್ನೇ ಹೊಡೆದುಹಾಕಿರುತ್ತದೆ.

ಪಿಂಗ್ ನಿಲ್ಲಿಸಿ, ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಹಾಗೇ ಬಿಟ್ಟೆವು. ಹದಿನಾಲ್ಕನೆಯ ನಿಮಿಷಕ್ಕೆ ಕಡಿಯಿತು. ಅಷ್ಟು ಸಂತೋಷದಿಂದ ಯಾರೂ ವೈಫೈ ಹೋದದ್ದನ್ನು ನೋಡಿರಲಿಕ್ಕಿಲ್ಲ.

ಮದ್ದು ಹೀಗೆ. ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಅಡಿಯಲ್ಲಿ ವೈಫೈ ಕಾರ್ಡಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋಗಿ. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಎಂಬರ್ಥದ ಸಾಲಿನ ಮುಂದಿನ ಗುರುತನ್ನು ತೆಗೆಯಿರಿ. ಅನೇಕ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಪುಟವೇ ಇರುವುದಿಲ್ಲ. ಅವು ಮೊಬೈಲಿನಂತೆ ಅರೆನಿದ್ದೆಯಲ್ಲಿರುವ ಹೊಸ ವ್ಯವಸ್ಥೆಯವು. ಗಾಬರಿ ಬೇಡ. ಸೆಟ್ಟಿಂಗ್ಸ್‌ನ ಪವರ್ ಮೋಡನ್ನು ಹೆಚ್ಚಿನ ಕಾರ್ಯಕ್ಷಮತೆಗೆ ಇಟ್ಟು, ಡ್ರೈವರ್ ಹೊಸದಾಗಿಸಿ.

ಡ್ರೈವರನ್ನು ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಪುಟದಿಂದಲೇ, ಲ್ಯಾಪ್‌ಟಾಪಿನ ತಳದಲ್ಲಿರುವ ಮಾಡೆಲ್ ಸಂಖ್ಯೆ ಕೊಟ್ಟು ಇಳಿಸಿಕೊಳ್ಳಿ. ಡ್ರೈವರ್ ಹುಡುಕಿಕೊಡುತ್ತೇವೆ ಎನ್ನುವ ಪುಕ್ಕಟೆ ತಂತ್ರಾಂಶಗಳನ್ನು ನಾನು ಹೊಸ್ತಿಲು ದಾಟಿಸುವುದಿಲ್ಲ. ಹೊಸ ಯಂತ್ರದ ಮೊದಲ ಒಂದೆರಡು ದಿನ ವಿಂಡೋಸ್ ಅಪ್‌ಡೇಟ್ ಹಿನ್ನೆಲೆಯಲ್ಲಿ ಗಟ್ಟಿಯಾಗಿ ಇಳಿಯುತ್ತಿರುತ್ತದೆ, ಡ್ರೈವರನ್ನೂ ತಾನೇ ಬದಲಿಸಬಹುದು. ಅದೆಲ್ಲ ಮುಗಿದು ಒಮ್ಮೆ ರೀಸ್ಟಾರ್ಟ್ ಆಗುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ. ಅಪ್‌ಡೇಟ್ ಆದ ಮೇಲೆಯೇ ದೋಷ ಶುರುವಾಗಿದ್ದರೆ ಡ್ರೈವರ್ ಪುಟದಲ್ಲಿ ಹಿಂದಿನದಕ್ಕೆ ಮರಳುವ ಗುಂಡಿಯೂ ಇರುತ್ತದೆ.

ನಾವು ಡ್ರೈವರ್ ಬದಲಿಸಿದೆವು, ಅಷ್ಟೇ. ಬೇರೇನನ್ನೂ ಮುಟ್ಟಲು ಬಿಡಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಅವಳಿಗೆ ಬೇಸರ ಬರುವಷ್ಟು ಹೇಳಿದೆ. ಬ್ಯಾಟರಿಯ ಮೇಲೆ ಎರಡು ಗಂಟೆ ಬಿಟ್ಟೆವು, ಕಡಿಯಲಿಲ್ಲ. ಮಾಳಮಡ್ಡಿಯ ನನ್ನ ಮನೆಗೆ ಮರಳಿ ನೆಮ್ಮದಿಯಾಗಿ ಮಲಗಿದೆ.

ಮೌಸ್ ಹೇಳಿದ ಚಾಡಿ

ಮರುದಿನ ಹನ್ನೊಂದಕ್ಕೆ ಮತ್ತೆ ಫೋನು. ಈ ಸಲ ಚಾರ್ಜರ್ ಹಾಕಿತ್ತು, ಪಿಡಿಎಫ್ ಓದುತ್ತಿರಲಿಲ್ಲ, ನೇರ ತರಗತಿ ನೋಡುತ್ತಿದ್ದಳು. ನಿನ್ನೆಯ ಮದ್ದು ಸುಳ್ಳಾಯಿತೇ? ಏಳರಲ್ಲಿ ಐದು ಬ್ಯಾಟರಿಯ ಸಾಲುಗಳು. ಉಳಿದ ಎರಡನ್ನು ನಾನು ನಿನ್ನೆ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಆ ಎರಡರ ಮುಂದೆ ಚುಚ್ಚಿದ್ದು ಏನು ಎಂಬಲ್ಲಿ ಹಾರ್ಡ್ ಡಿಸ್ಕ್ ಎಂದು ಬರೆದಿದ್ದಳು. ಗೆಳತಿಯಿಂದ ತರಗತಿಗಳ ವಿಡಿಯೊ ನಕಲು ಮಾಡಿಕೊಳ್ಳಲು ತಂದದ್ದು.

"ಡಿಸ್ಕ್ ಹಾಕಿದಾಗ ಮೌಸ್ ಏನಾದರೂ ತಡವರಿಸುತ್ತದೆಯೇ?" ಎಂದು ಕೇಳಿದೆ.

"ಹೌದು, ಹಾರಿ ಹಾರಿ ಓಡುತ್ತದೆ. ಅಗ್ಗದ ಮೌಸ್, ಅದಕ್ಕೇ ಇರಬೇಕು ಎಂದುಕೊಂಡೆ."

ಪಾಪದ ಮೌಸ್. ಅದು ಚಾಡಿ ಹೇಳುತ್ತಿತ್ತು, ನಾವು ಕೇಳಿಸಿಕೊಂಡಿರಲಿಲ್ಲ. ಯುಎಸ್‌ಬಿ 3 ದರ್ಜೆಯ ಕೇಬಲ್ಲು, ಕನೆಕ್ಟರುಗಳು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುವಾಗ ಸುತ್ತಲೂ ರೇಡಿಯೊ ಗದ್ದಲ ಎಬ್ಬಿಸುತ್ತವೆ. ವೈಫೈ ಮಾತಾಡುವ ರೇಡಿಯೊ ಪಟ್ಟಿಗಳು (ಬ್ಯಾಂಡ್) ಮುಖ್ಯವಾಗಿ ಎರಡು, 2.4 ಮತ್ತು 5 ಗಿಗಾಹರ್ಟ್ಸ್. ಆ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಬೀಳುತ್ತದೆ. ಇದು ನನ್ನ ಊಹೆಯಲ್ಲ, ಇಂಟೆಲ್ ಕಂಪನಿಯೇ 2012ರಲ್ಲಿ ಅಳತೆ ಸಮೇತ ಪ್ರಕಟಿಸಿದ ವಿಷಯ. ತಂತಿಯಿಲ್ಲದ ಮೌಸ್, ಬ್ಲೂಟೂತ್ ಇಯರ್‌ಫೋನ್, ಹಳೆಯ ವೈಫೈ ಪಟ್ಟಿ ಎಲ್ಲವೂ ಅದೇ 2.4ರಲ್ಲೇ ಮಾತಾಡುವಂಥವು. ಆದ್ದರಿಂದ ವೈಫೈ ಹೋಗುವ ಹೊತ್ತಿಗೇ ಮೌಸ್ ತಡವರಿಸಿದರೆ, ಇಯರ್‌ಫೋನಿನಲ್ಲಿ ದನಿ ಹರಿದರೆ, ದೋಷವನ್ನು ಸೆಟ್ಟಿಂಗ್‌ಗಳಲ್ಲಿ ಹುಡುಕಬೇಡಿ, ಮೇಜಿನ ಮೇಲೆ ಹುಡುಕಿ. ಹಿಂದೆ ರೇಡಿಯೊದ ಪಕ್ಕದಲ್ಲಿ ಮಿಕ್ಸರ್ ತಿರುಗಿಸಿದರೆ ಕರಕರ ಎನ್ನುತ್ತಿತ್ತಲ್ಲ, ಅದೇ ಕಥೆ. ಆಗ ಕಿವಿಗೆ ಕೇಳುತ್ತಿತ್ತು, ಈಗ ಕೇಳುವುದಿಲ್ಲ.

ಡಿಸ್ಕ್ ಕಿತ್ತರೆ ಪಿಂಗ್ ಸರಿ, ಹಾಕಿ ನಕಲು ಶುರು ಮಾಡಿದರೆ ಹತ್ತರಲ್ಲಿ ಮೂರು ನಾಲ್ಕು ಉತ್ತರ ಮಾಯ. ಮೂರು ಸಲ ಕಿತ್ತು ಹಾಕಿ ನೋಡಿಸಿದೆ, ಮೂರು ಸಲವೂ ಹಾಗೇ. ಒಂದು ಸಲ ಆದದ್ದನ್ನು ನಾನು ನಂಬುವುದಿಲ್ಲ.

ಅಂದರೆ ಒಂದೇ ದೂರಿನೊಳಗೆ ಎರಡು ರೋಗ ಇದ್ದವು. ರಾತ್ರಿ ಚಾರ್ಜರ್ ಹಾಕಿ ಡಿಸ್ಕ್ ಇಲ್ಲದೆ ಕುಳಿತರೆ ಸರಿ, ಬೆಳಗ್ಗೆ ಬ್ಯಾಟರಿಯಲ್ಲಿ ಓದಿದರೆ ಒಂದು ರೋಗ, ಮಧ್ಯಾಹ್ನ ಡಿಸ್ಕ್ ಹಾಕಿದರೆ ಇನ್ನೊಂದು. ಮೊದಲ ದಿನವೇ ಎಲ್ಲ ಸೆಟ್ಟಿಂಗ್‌ಗಳನ್ನೂ ಒಟ್ಟಿಗೆ ಬದಲಿಸಿದ್ದರೆ, ಯಾವುದು ಯಾವುದಕ್ಕೆ ಮದ್ದು ಎಂದು ಎಂದಿಗೂ ತಿಳಿಯುತ್ತಿರಲಿಲ್ಲ.

ಸಪ್ತಾಪುರದ ಗಾಳಿ

ಡಿಸ್ಕನ್ನು ದೂರ ಇಡುವುದು ಅರ್ಧ ಮದ್ದು. ಮೌಸಿನ ಗುಂಡಿಯಷ್ಟು ಚಿಕ್ಕ ರಿಸೀವರನ್ನು ಇನ್ನೊಂದು ಬದಿಯ ಕಿಂಡಿಗೆ ಹಾಕಿ, ಡಿಸ್ಕಿಗೆ ಒಳ್ಳೆಯ ಕವಚವಿರುವ ಉದ್ದ ಕೇಬಲ್ ಹಾಕಿಸಿದೆ. ಉಳಿದರ್ಧ 2.4 ಪಟ್ಟಿಯನ್ನೇ ಬಿಡುವುದು.

ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್ ಎಂಬ ಆದೇಶ ಕೊಟ್ಟರೆ ಸಿಗ್ನಲ್ ಶೇಕಡಾ, ಪಟ್ಟಿಯೊಳಗಿನ ಒಂದು ತುಂಡಾದ ಚಾನೆಲ್ಲಿನ ಸಂಖ್ಯೆ ಎರಡೂ ಕಾಣುತ್ತವೆ. ಚಾನೆಲ್ 1ರಿಂದ 13ರೊಳಗಿದ್ದರೆ 2.4 ಪಟ್ಟಿ, 36 ಅಥವಾ ಮೇಲಿದ್ದರೆ ಸಾಮಾನ್ಯವಾಗಿ 5. ಶೇಕಡಾವನ್ನು ಅರ್ಧ ಮಾಡಿ ನೂರರಿಂದ ಕಳೆದು ಮುಂದೆ ಋಣ ಚಿಹ್ನೆ ಹಾಕಿದರೆ ಡೆಸಿಬೆಲ್ ಲೆಕ್ಕ ಸಿಗುತ್ತದೆ: ಶೇಕಡಾ 60 ಎಂದರೆ −70. ವಿಡಿಯೊ ಕರೆಗೆ −67 ಅಥವಾ ಅದಕ್ಕಿಂತ ಒಳ್ಳೆಯದಿರಲಿ (ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಎನ್ನುವುದು ವಾಡಿಕೆಯ ಅಳತೆ.

ಅವಳ ಲ್ಯಾಪ್‌ಟಾಪ್ 6ನೆಯ ಚಾನೆಲ್ಲಿನಲ್ಲಿ ಶೇಕಡಾ 72 ತೋರಿಸುತ್ತಿತ್ತು. ನೋಡಲು ಚೆನ್ನಾಗಿಯೇ ಇದೆ. ಆದರೆ ಅವಳ ಕೋಣೆಯಿಂದ ಕಾಣುವ ವೈಫೈ ಹೆಸರುಗಳನ್ನು ಎಣಿಸಿದರೆ ಇಪ್ಪತ್ತೊಂಬತ್ತು! ತರಬೇತಿ ಕೇಂದ್ರಗಳು, ಬಾಡಿಗೆ ಕೋಣೆಗಳು, ಝೆರಾಕ್ಸ್ ಅಂಗಡಿಗಳು ಒತ್ತೊತ್ತಾಗಿರುವ ಓಣಿ ಅದು. 2.4 ಪಟ್ಟಿಯ ಅಗಲ ಬರೀ 83.5 ಮೆಗಾಹರ್ಟ್ಸ್, ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು ಎಂಬುದು ವೈಫೈಯ ನಿಯಮ. ಸಿಗ್ನಲ್ ಎಷ್ಟೇ ಗಟ್ಟಿಯಾಗಿರಲಿ, ಸರದಿ ಬರಬೇಕಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಸರ್ಕಾರ 2018ರಲ್ಲಿ ಒಟ್ಟು 605 ಮೆಗಾಹರ್ಟ್ಸ್‌ನಷ್ಟನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟಿದೆ. ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಚಿಗರಿ ಬಸ್ಸಿಗೆ ಬೇರೆಯೇ ದಾರಿ ಇರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಕುವಿನ ರೌಟರ್ ಎರಡೂ ಪಟ್ಟಿಗಳನ್ನು ಒಂದೇ ಹೆಸರಿನಲ್ಲಿ ಸಾರುತ್ತಿತ್ತು. ಲ್ಯಾಪ್‌ಟಾಪ್ ಗಟ್ಟಿಯಾಗಿ ಕೇಳುವ 2.4ಕ್ಕೇ ಅಂಟಿಕೊಳ್ಳುತ್ತಿತ್ತು. ರೌಟರ್ ಮುಟ್ಟಲು ಕಾಕು ಒಪ್ಪಲಿಲ್ಲ, ಅವರ ಭಯವೂ ನ್ಯಾಯವೇ. ಹಾಗಾಗಿ ಲ್ಯಾಪ್‌ಟಾಪಿನಲ್ಲೇ, ವೈಫೈ ಕಾರ್ಡಿನ ಅಡ್ವಾನ್ಸ್ಡ್ ಪುಟದಲ್ಲಿ ಪ್ರಿಫರ್ಡ್ ಬ್ಯಾಂಡ್ ಎಂಬುದನ್ನು 5ಕ್ಕೆ ಇಟ್ಟೆ. ಸಿಗ್ನಲ್ ಶೇಕಡಾ 62ಕ್ಕೆ ಇಳಿಯಿತು, ಅಂದರೆ −69, ವಾಡಿಕೆಯ ಅಳತೆಗಿಂತ ಕೂದಲೆಳೆಯಷ್ಟು ಕಡಿಮೆ. ಆದರೂ ಡಿಸ್ಕ್ ನಕಲಾಗುತ್ತಿರುವಾಗಲೇ ಪಿಂಗ್ ಒಂದೂ ತಪ್ಪಲಿಲ್ಲ. ಗೆರೆಗಳನ್ನು ಎಣಿಸಿ ವೈಫೈ ಅಳೆಯುವವರು ಇದನ್ನು ನೆನಪಿಡಬೇಕು.

ನಮ್ಮ ಮಾಳಮಡ್ಡಿಯ ಮನೆಗೆ ಈ ಮದ್ದು ನಡೆಯುವುದಿಲ್ಲ. ಒಂದೂವರೆ ಅಡಿ ಕಲ್ಲಿನ ಗೋಡೆ, 5 ಗಿಗಾಹರ್ಟ್ಸ್ ಪಡಸಾಲೆ ದಾಟುವುದೇ ಇಲ್ಲ. ಅಂಥಲ್ಲಿ 2.4ರಲ್ಲೇ ಇದ್ದು ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಡಿ, ಅಥವಾ ಕೇಬಲ್ ಎಳೆಯಿರಿ. ನಾನು ಕೇಬಲ್ ಎಳೆದಿದ್ದೇನೆ.

ಯಾವಾಗ ವಾಪಸ್ ಕೊಡಬೇಕು

ನಿಜವಾಗಿ ಯಂತ್ರವೇ ಕೆಟ್ಟು ಬಂದಿರುವುದೂ ಉಂಟು. ಸಾಮಾನ್ಯವಾಗಿ ವೈಫೈಯ ಎರಡು ಆಂಟೆನಾಗಳು ಪರದೆಯ ಅಂಚಿನಲ್ಲಿರುತ್ತವೆ. ಅವುಗಳ ಕೂದಲಿನಂಥ ತಂತಿಗಳು ತಿರುಗಣಿಯ ಮೂಲಕ ಇಳಿದು ಕಾರ್ಡಿನ ಮೇಲೆ ಸಾಸಿವೆ ಗಾತ್ರದ ಗುಂಡಿಗೆ ಸಿಕ್ಕಿಕೊಳ್ಳುತ್ತವೆ. ಒಂದು ಕಳಚಿದ್ದರೆ ಸಿಗ್ನಲ್ ಸೊರಗುತ್ತದೆ. ರೌಟರಿನಿಂದ ಒಂದು ಮೀಟರ್ ದೂರದಲ್ಲಿ ಕುಳಿತು ನೋಡಿ. ಶೇಕಡಾ 90ರ ಮೇಲಿರಬೇಕು. ಅಲ್ಲಿ ಮೊಬೈಲು ತುಂಬು ಸಿಗ್ನಲ್ ತೋರಿಸುತ್ತಿದ್ದು ಲ್ಯಾಪ್‌ಟಾಪ್ 50, 60ರಲ್ಲಿ ಒದ್ದಾಡಿದರೆ ಅನುಮಾನ ಆಂಟೆನಾದ ಮೇಲೆ. ಪರದೆಯನ್ನು ಹಿಂದೆ ಮುಂದೆ ಬಾಗಿಸಿದಾಗ ಸಂಖ್ಯೆ ಧಡಕ್ಕನೆ ಬಿದ್ದೆದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ. ಮಾಳಿಗೆ ಹತ್ತಿ ಟಿವಿ ಆಂಟೆನಾ ತಿರುಗಿಸುತ್ತಿದ್ದವರಿಗೆ ಈ ಪರೀಕ್ಷೆ ಹೊಸದಲ್ಲ. ಆದರೆ ಮುಚ್ಚಳ ಬಿಚ್ಚಬೇಡಿ. ಬಿಚ್ಚಿದರೆ ವಾರಂಟಿಯ ಮಾತು ತಕರಾರಿಗೆ ಬೀಳುತ್ತದೆ.

ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಕಪ್ಪು ಕಿಟಕಿಯನ್ನು ಅಡ್ಮಿನ್ ಆಗಿ ತೆರೆದು ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್ ಎಂದು ಕೊಟ್ಟರೆ ಹಿಂದಿನ ಮೂರು ದಿನಗಳ ವೈಫೈ ಚರಿತ್ರೆ ಒಂದು ಪುಟವಾಗಿ ತಯಾರಾಗುತ್ತದೆ. ಯಾವಾಗ ಕಡಿಯಿತು, ಏಕೆ ಎಂದು ವಿಂಡೋಸ್ ಭಾವಿಸಿದೆ ಎಂಬುದೆಲ್ಲ ಅದರಲ್ಲಿರುತ್ತದೆ, ದೋಷಗಳ ಮೇಲೆ ಕೆಂಪು ಗುರುತು ಬಿದ್ದಿರುತ್ತದೆ. ಆ ಪುಟ, ನಿಮ್ಮ ಹಾಳೆ, ಒಂದು ಮೀಟರ್ ದೂರದ ಸಂಖ್ಯೆಯ ಫೋಟೊ, ಈ ಮೂರನ್ನು ಮೇಜಿನ ಮೇಲಿಟ್ಟರೆ ರೌಟರ್ ಸರಿಯಿಲ್ಲ ಎಂದು ಹೇಳಿ ಕಳಿಸುವುದು ಯಾರಿಗೂ ಸುಲಭವಲ್ಲ.

ಏಳನೆಯ ದಿನ ಅವಳು ಆ ವರದಿಯನ್ನು ನನ್ನ ಮೊಬೈಲಿಗೆ ಕಳುಹಿಸಿ, ಅಂಗಡಿಗೆ ಹೋಗುವುದೋ ಬೇಡವೋ ಎಂದು ಕೇಳಿದಳು. ಪಟ್ಟಿ ಬದಲಿಸಿದ ಮೇಲೆ ಒಂದೇ ಕೆಂಪು ಗುರುತು ಇತ್ತು, ಸಂಜೆ 6 ಗಂಟೆ 40ಕ್ಕೆ. ಹಾಳೆಯಲ್ಲಿ ಅದೇ ಗಂಟೆಯ ಮುಂದೆ ಅವಳು ಬರೆದದ್ದು ಎರಡೇ ಪದ: ಕರೆಂಟು ಹೋಯಿತು.